ಗೋಡೆಯ ಬಣ್ಣ, ಜೇಬಿನ ಲೆಕ್ಕ

ದಸರೆ ಸಮೀಪಿಸಿತೆಂದರೆ ಲಿಂಗಸುಗೂರು, ಮುದಗಲ್, ಮಸ್ಕಿ ಕಡೆಯ ಮನೆಗಳಲ್ಲಿ ಗೋಡೆಗಳ ಮಾತು ಏಳುತ್ತದೆ. ಹಿಂದೆ ಈ ಮಾತು ಬೇಗ ಮುಗಿಯುತ್ತಿತ್ತು. ಸುಣ್ಣದ ಹರಳನ್ನು ನೀರಿನಲ್ಲಿ ಅರಳಿಸಿ, ಚಿಟಿಕೆ ನೀಲಿ ಬೆರೆಸಿ ಬಳಿದು, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದರೆ ಹಬ್ಬಕ್ಕೆ ಮನೆ ಸಿದ್ಧ. ಈಗ ಅಂಗಡಿಯವರು ನೂರಾರು ಛಾಯೆಗಳ ಪುಸ್ತಕವನ್ನೇ ಮುಂದಿಡುತ್ತಾರೆ. ಮಕ್ಕಳು ಛಾಯೆ ಆರಿಸುತ್ತಾರೆ, ತಂದೆ ಬೆಲೆ ಕೇಳುತ್ತಾನೆ. ಡಬ್ಬಿಯೊಳಗೆ ಏನಿದೆ ಎಂದು ಕೇಳುವವರು ಕಡಿಮೆ.

ಬಣ್ಣವೆಂದರೆ ಮುಖ್ಯವಾಗಿ ಮೂರು ವಸ್ತುಗಳ ಮಿಶ್ರಣ: ರಂಗು ಕೊಡುವ ಪುಡಿ, ಆ ಪುಡಿಯನ್ನು ಗೋಡೆಗೆ ಹಿಡಿದಿಡುವ ಅಂಟು, ಎರಡನ್ನೂ ತೆಳ್ಳಗೆ ಮಾಡುವ ದ್ರವ. ದ್ರವ ಆರಿಹೋಗುತ್ತದೆ, ಉಳಿಯುವುದು ಪುಡಿ ಮತ್ತು ಅಂಟು. ಇವುಗಳಲ್ಲಿ ಅಂಟು ದುಬಾರಿ, ಸೀಮೆಸುಣ್ಣದಂಥ ತುಂಬುಪುಡಿ ಅಗ್ಗ. ಅಂಟು ಕಡಿಮೆ ಮಾಡಿ ತುಂಬುಪುಡಿ ಹೆಚ್ಚಿಸಿದ ಬಣ್ಣವೇ ವರ್ಷದೊಳಗೆ ಒರಗಿದವರ ಅಂಗಿಗೆ ಹತ್ತುವುದು. ಡಿಸ್ಟೆಂಪರಿಗಿಂತ ಎಮಲ್ಷನ್ ಬೆಲೆ ಹೆಚ್ಚಿರಲು, ಅದನ್ನು ಒದ್ದೆ ಬಟ್ಟೆಯಿಂದ ಒರೆಸಲು ಬರುವುದಕ್ಕೆ ಈ ಅಂಟೇ ಕಾರಣ.

ಹಾಗೆಂದು ಸುಣ್ಣವನ್ನು ಬಡವರ ಬಣ್ಣವೆಂದು ತಳ್ಳಿಹಾಕುವಂತಿಲ್ಲ. ಸುಣ್ಣಕ್ಕೆ ಬೇರೆ ಅಂಟೇ ಬೇಡ. ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಭಟ್ಟಿಯಲ್ಲಿ ಸುಟ್ಟ ಸುಣ್ಣಕಲ್ಲು ಗೋಡೆಯ ಮೇಲೆ ಪುನಃ ಕಲ್ಲಾಯಿತೆನ್ನಿ! ಈ ಪದರದಲ್ಲಿ ತೇವ ಸುಲಭವಾಗಿ ಆಡುತ್ತದೆ. ಆದ್ದರಿಂದ ಹಳೆಯ ಕಲ್ಲು-ಮಣ್ಣಿನ ಗೋಡೆಗೆ ಇಂದಿಗೂ ಸುಣ್ಣವೇ ಲೇಸು. ಬೇಸಿಗೆಗೆ ಮುನ್ನ ಮಾಳಿಗೆಯ ಮೇಲೆ ಬಳಿದರೆ ಬಿಸಿಲನ್ನು ಹಿಂದಕ್ಕೆ ಚೆಲ್ಲಿ ಕೆಳಗಿನ ಕೋಣೆಯ ಧಗೆಯನ್ನೂ ತಗ್ಗಿಸುತ್ತದೆ.

ತೇವದ ಗೋಡೆಗೆ ಎಮಲ್ಷನ್ ಬಳಿದು ಹಣ ಕಳೆದುಕೊಂಡವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿಂಧನೂರು ಕಡೆಯ ಹೊಲಗಳಲ್ಲಿ ಸವಳು ಏಳುವುದನ್ನು ರೈತರ ಮಕ್ಕಳೆಲ್ಲ ಕಂಡಿದ್ದಾರೆ. ಗೋಡೆಯಲ್ಲೂ ಅದೇ ನಡೆಯುತ್ತದೆ. ನೆಲದ ನೀರು ಉಪ್ಪನ್ನು ಹೊತ್ತು ಇಟ್ಟಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ಮೇಲೇರುತ್ತದೆ. ನೀರು ಆವಿಯಾಗಿ, ಉಪ್ಪು ಹರಳುಗಟ್ಟಿ ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ಬಿಳಿ ಹಿಟ್ಟಿನಂತೆ ಕಾಣುವುದು ಅದೇ. ಎಷ್ಟೇ ಬೆಲೆಯ ಬಣ್ಣವಾದರೂ ಅಲ್ಲಿ ಹಪ್ಪಳದಂತೆ ಏಳುತ್ತದೆ.

ಇದನ್ನು ಮೊದಲೇ ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಒಂದು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದ್ದರೆ ಗೋಡೆ ಇನ್ನೂ ಹಸಿ ಎಂದರ್ಥ. ಇನ್ನೊಂದು, ಹಳೆಯ ಗೋಡೆಯನ್ನು ಅಂಗೈಯಿಂದ ಉಜ್ಜಿ ನೋಡುವುದು. ಪುಡಿ ಹತ್ತಿದರೆ ಅದನ್ನು ಕೆರೆದು, ತೊಳೆದು, ಒಣಗಿಸಿ, ಪ್ರೈಮರ್ ಹಚ್ಚಬೇಕು. ಪ್ರೈಮರಿನಲ್ಲಿ ಉಳಿತಾಯ ಮಾಡಹೊರಡುವುದು ಜಾಣತನವಲ್ಲ. ಹೊಸ ಗಿಲಾವಿಗೆ ಎಣ್ಣೆ ಬಣ್ಣ ಬಳಿಯಲು ಅವಸರಪಡುವುದಂತೂ ಕೂಡದು. ಹಸಿ ಸಿಮೆಂಟಿನ ಕ್ಷಾರ ಎಣ್ಣೆಯೊಡನೆ ಸೇರಿದರೆ ಆಗುವುದು ಸಾಬೂನು. ಹತ್ತನೆಯ ತರಗತಿಯ ಪಾಠ ಪಡಸಾಲೆಯಲ್ಲೇ ನಡೆದುಬಿಡುತ್ತದೆ.

ಇನ್ನು ಬೆಲೆ. ಲೀಟರಿಗೆ ಎಷ್ಟು ರೂಪಾಯಿ ಎಂದಷ್ಟೇ ಕೇಳಿದರೆ ಸಾಲದು, ಎರಡು ಕೋಟು ಬಳಿದಾಗ ಲೀಟರು ಎಷ್ಟು ಚದರಡಿಗೆ ಬರುತ್ತದೆ ಎಂದೂ ಕೇಳಬೇಕು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ನಾಲ್ಕು ಗೋಡೆಗಳು 440 ಚದರಡಿ. ಬಾಗಿಲು, ಕಿಟಕಿಗೆ 40 ಕಳೆದರೆ 400. ಲೀಟರಿಗೆ 180 ರೂಪಾಯಿಯ ಬಣ್ಣ 60 ಚದರಡಿಗೂ 300 ರೂಪಾಯಿಯದು 120 ಚದರಡಿಗೂ ಬರುತ್ತದೆಂದು ಇಟ್ಟುಕೊಳ್ಳೋಣ. ಮೊದಲನೆಯದರಲ್ಲಿ ಕೋಣೆಗೆ 1,200 ರೂಪಾಯಿ, ಎರಡನೆಯದರಲ್ಲಿ 1,000. ಅಗ್ಗ ಯಾವುದೆಂಬುದನ್ನು ಏಳನೆಯ ತರಗತಿಯ ಹುಡುಗಿಯೂ ಹೇಳಿಯಾಳು. ಕೂಲಿ ಎರಡಕ್ಕೂ ಒಂದೇ.

ಬೆಲೆಗಿಂತ ದೊಡ್ಡ ಪ್ರಶ್ನೆ ಸೀಸದ್ದು. ಕಣ್ಣು ಕೋರೈಸುವ ಹಳದಿ, ಕಿತ್ತಳೆ, ಕೆಂಪು ಎನಾಮೆಲ್‌ಗಳಲ್ಲಿ ಸೀಸದ ಸಂಯುಕ್ತಗಳನ್ನು ಬೆರೆಸುವುದು ಹಳೆಯ ರೂಢಿ. ಬಾಗಿಲು, ತೊಟ್ಟಿಲಿನ ಬಣ್ಣದ ಚಕ್ಕೆ, ಧೂಳು ಕೈಯಿಂದ ಬಾಯಿಗೆ ಹೋದರೆ ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ. ಕಲಿಯುವ ಶಕ್ತಿಯೇ ಕುಂದುತ್ತದೆ. ಕೇಂದ್ರ ಸರಕಾರ 2016ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರುವಂತಿಲ್ಲ, ಅಂದರೆ ಕಿಲೋಗೆ 90 ಮಿಲಿಗ್ರಾಂ. ಡಬ್ಬಿಯ ಮೇಲೆ ಹಾಗೆಂದು ಬರೆದಿರಲೂಬೇಕು. ಆ ಬರಹವಿಲ್ಲದ, ತಯಾರಕರ ವಿಳಾಸವಿಲ್ಲದ ಡಬ್ಬಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಮನೆಗೆ ತರಬಾರದು.

ಅದಕ್ಕೂ ಹಿಂದಿನ ಬಣ್ಣವಿರುವ ಬಾಗಿಲು, ಕಿಟಕಿಗಳನ್ನು ಒಣಗಿದ್ದಂತೆಯೇ ಉಪ್ಪುಕಾಗದದಿಂದ ಉಜ್ಜಿದರೆ ಧೂಳು ಮನೆಯೆಲ್ಲ ಹರಡುತ್ತದೆ. ನೀರು ಚಿಮುಕಿಸಿ ಕೆರೆಯಬೇಕು. ಚಿಕ್ಕ ಮಕ್ಕಳನ್ನೂ ಬಸುರಿಯರನ್ನೂ ಆ ದಿನ ಬೇರೆ ಮನೆಯಲ್ಲಿರಿಸಿ, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಚಕ್ಕೆಗಳನ್ನು ಚೀಲದಲ್ಲಿ ಕಟ್ಟಿಡಬೇಕು. ಒಲೆಗೆ ಹಾಕಬಾರದು.