ನೋವಿಲ್ಲದೆಯೂ ಹೃದಯಾಘಾತ

ಸಕ್ಕರೆ ಕಾಯಿಲೆಯವರಿಗೆ ಅಂಗಾಲಿನ ಉರಿ, ಜೋಮು ಹೊಸದಲ್ಲ. ಕಾಲಿನಿಂದ ಚಪ್ಪಲಿ ಜಾರಿದರೂ ತಿಳಿಯಲಿಲ್ಲ ಎನ್ನುವವರುಂಟು. ಪಾದದ ನರಗಳನ್ನು ಕೆಡಿಸುವ ಈ ಕಾಯಿಲೆ ಹೃದಯದ ನರಗಳನ್ನೂ ಬಿಡುವುದಿಲ್ಲ ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ಹೃದಯದ ಬಡಿತಕ್ಕೆ ಕಡಿವಾಣ ಹಾಕುವುದು ವೇಗಸ್ ನರ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಸಾಮಾನ್ಯವಾಗಿ ಮೊದಲು ಸೊರಗುವುದು ಇದೇ. ಆಗ ಸುಮ್ಮನೆ ಕುಳಿತಿದ್ದರೂ ನಾಡಿ ನಿಮಿಷಕ್ಕೆ 100ರ ಆಸುಪಾಸಿನಲ್ಲಿ ಓಡಬಹುದು. ಮುಂದೆ, ಎದ್ದು ನಿಂತೊಡನೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡುತ್ತದೆ. ನೋವಿನ ಸುದ್ದಿ ಒಯ್ಯುವ ನರಗಳೂ ಮಂಕಾದರೆ ಹೃದಯಾಘಾತವಾದಾಗಲೂ ಎದೆ ನೋಯದಿರಬಹುದು. ಏದುಸಿರು, ತಣ್ಣನೆಯ ಬೆವರು, ವಾಕರಿಕೆ, ವಿಪರೀತ ಸುಸ್ತು, ಇಷ್ಟೇ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ಊರುಗಳಲ್ಲಿ ಈ ಲಕ್ಷಣಗಳಿಗೆಲ್ಲ ಉತ್ತರ ಸಿದ್ಧವಾಗಿರುತ್ತದೆ. ಹಸಿ ಸೊಪ್ಪು ಮುರಿಯುವವರಿಗೆ ಚರ್ಮದ ಮೂಲಕ ನಿಕೋಟಿನ್ ಇಳಿದು ವಾಕರಿಕೆ, ತಲೆಸುತ್ತು, ಬೆವರು ಬರುವುದು ನಿಜ. ರಾತ್ರಿಯೆಲ್ಲ ಬ್ಯಾರನ್ನಿಗೆ ಸೌದೆ ಹಾಕುವವರು ಬೆವರದೆ ಇರುತ್ತಾರೆಯೇ? ಹಾಗಾಗಿ ‘ಸೊಪ್ಪಿನ ಘಾಟು’, ‘ಗ್ಯಾಸು’ ಎಂದುಕೊಂಡು ಸೋಡಾ ಕುಡಿದು ಮಲಗುತ್ತಾರೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಐವತ್ತರ ರೈತರು ಹೀಗೆ ಬೆಳಗಿನವರೆಗೆ ಕಾಯುವುದು ಪ್ರಾಣಕ್ಕೇ ಅಪಾಯ.

2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ನೋಡಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡುವ ವ್ಯವಸ್ಥೆ ಬಂದಿದೆ. ಬಹಳ ಒಳ್ಳೆಯದು. ಆದರೆ ‘ಎದೆನೋವು’ ಎಂದು ಹೇಳಲಾಗದ ರೋಗಿಯನ್ನು ಆ ಇಸಿಜಿ ಯಂತ್ರದ ಬಳಿಗೆ ಕರೆದೊಯ್ಯುವವರು ಯಾರು? ಸಕ್ಕರೆ ಕಾಯಿಲೆಯವರಿಗೆ ಕಾರಣವಿಲ್ಲದ ಏದುಸಿರು, ಬೆವರು ಬಂದರೆ ನೋವಿಗೆ ಕಾಯದೆ ಇಸಿಜಿ ತೆಗೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆವರಿಗೆ ಸಕ್ಕರೆ ಇಳಿದದ್ದೂ ಕಾರಣವಿರಬಹುದು, ಅದನ್ನೂ ಒಡನೆ ನೋಡಬೇಕು.

ನಾವು ವೈದ್ಯರೂ ಒಂದು ಅಭ್ಯಾಸ ಬದಲಿಸಬೇಕು. ರಕ್ತದೊತ್ತಡವನ್ನು ಕೂರಿಸಿ ನೋಡಿ ಕಳಿಸುವುದು ರೂಢಿ. ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೊಮ್ಮೆ ನೋಡಿದರೆ ಖರ್ಚೇನೂ ಇಲ್ಲ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ನರಗಳ ಮೇಲೆ ಅನುಮಾನಪಡಬೇಕು. ಬಿ.ಪಿ. ಮಾತ್ರೆಯಿಂದಲೂ, ಮೈಯಲ್ಲಿ ನೀರು ಕಡಿಮೆಯಾದರೂ ಹೀಗಾಗುತ್ತದೆ. ನೀವೇ ಮಾತ್ರೆ ನಿಲ್ಲಿಸಬೇಡಿ.

ಕೆಟ್ಟ ನರ ಪೂರ್ತಿ ಸರಿಹೋಗುವುದು ಅಪರೂಪ. ಸಕ್ಕರೆಯನ್ನು ಆರಂಭದಿಂದಲೇ ಹತೋಟಿಯಲ್ಲಿಟ್ಟು, ಬೀಡಿ ಬಿಟ್ಟರೆ ಹಾನಿ ನಿಧಾನವಾಗುತ್ತದೆ. ಹಾಸಿಗೆಯಿಂದ ಏಳುವಾಗ ಒಂದು ನಿಮಿಷ ಕುಳಿತು ಆಮೇಲೆ ನಿಲ್ಲಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ, ‘ಡಾಕ್ಟ್ರೇ, ನಿಲ್ಲಿಸಿಯೂ ಬಿ.ಪಿ. ನೋಡಿ’ ಎಂದು ಸಂಕೋಚವಿಲ್ಲದೆ ಕೇಳಿ.