ವಜ್ರ ಆಪದ್ಧನವಲ್ಲ

ಧಾರವಾಡದಿಂದ ಬಂದು ಮುಂಬೈಯಲ್ಲಿ ನನ್ನೊಂದಿಗೆ ಕೆಲಸ ಮಾಡುವ ಗೆಳೆಯನೊಬ್ಬ ಮೂರು ವರ್ಷದ ಹಿಂದೆ ಮದುವೆಗೆಂದು ಕಂತಿನಲ್ಲಿ ವಜ್ರದುಂಗುರ ಕೊಂಡಿದ್ದ. ಈಚೆಗೆ ತಂದೆಯ ಶಸ್ತ್ರಚಿಕಿತ್ಸೆಗೆ ಹಣ ಬೇಕಾಗಿ ಅದನ್ನು ಮಾರಲು ಹೋದ. ಅಂಗಡಿಯವರು ಚಿನ್ನವನ್ನು ತೂಗಿ ದರ ಹೇಳಿದರು. ಕಲ್ಲಿಗೆ ಹೇಳಿದ ಬೆಲೆ ಕೇಳಿ ಅವನು ಮಾತಿಲ್ಲದೆ ಎದ್ದು ಬಂದ. ಆ ಕಲ್ಲು ಪ್ರಯೋಗಾಲಯದಲ್ಲಿ ಬೆಳೆಸಿದ್ದು ಎಂದು ಅವನಿಗೆ ತಿಳಿದದ್ದೇ ಅಂದು.

ಅವನ ಬಿಲ್ಲಿನಲ್ಲಿ ‘ವಜ್ರ’ ಎಂದಷ್ಟೇ ಇತ್ತು. ಅದು ಸುಳ್ಳೂ ಅಲ್ಲ. ವಜ್ರವೆಂದರೆ ಇಂಗಾಲ. ಪೆನ್ಸಿಲ್ಲಿನ ಗ್ರಾಫೈಟೂ ಇಂಗಾಲವೇ, ಪರಮಾಣುಗಳ ಜೋಡಣೆ ಮಾತ್ರ ಬೇರೆ. ಗಣಿಯ ವಜ್ರಗಳಲ್ಲಿ ಹೆಚ್ಚಿನವು ನೂರು ಕೋಟಿ ವರ್ಷಗಳಿಗೂ ಹಿಂದೆ, ಸುಮಾರು 150 ಕಿ.ಮೀ.ಗೂ ಹೆಚ್ಚು ಆಳದಲ್ಲಿ ಹುಟ್ಟಿ, ಜ್ವಾಲಾಮುಖಿಯ ಜೊತೆ ಮೇಲೆ ಬಂದವು. ಯಂತ್ರ ಅದೇ ಹರಳನ್ನು ಕೆಲವು ವಾರಗಳಲ್ಲಿ ಬೆಳೆಸುತ್ತದೆ. ಗಡಸುತನ, ಹೊಳಪು ಎರಡಕ್ಕೂ ಒಂದೇ. ಬರಿಗಣ್ಣಿಗೆ ವ್ಯತ್ಯಾಸ ಕಾಣದು. ಅದು ಕಾಣುವುದು ಬೆಲೆಯಲ್ಲಿ.

ವಜ್ರದ ಬೆಲೆ ಎಂದಿಗೂ ವಿರಳತೆಯದ್ದು. 18ನೇ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ಸಿಗುವವರೆಗೆ ಜಗತ್ತಿಗೆ ವಜ್ರ ಹೋಗುತ್ತಿದ್ದುದು ಬಹುಪಾಲು ಭಾರತದಿಂದ. ಮುಖ್ಯವಾದುದು ಕೃಷ್ಣಾ ತೀರದ ಕೊಲ್ಲೂರು ಗಣಿ. ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದ್ದು. ವಿಜಯನಗರದಲ್ಲಿ ದೊಡ್ಡ ವಜ್ರಗಳು ಅರಸನ ಭಂಡಾರಕ್ಕೇ ಸೇರಬೇಕಿತ್ತೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. 1860ರ ದಶಕದ ನಂತರ ದಕ್ಷಿಣ ಆಫ್ರಿಕಾದಲ್ಲಿ ರಾಶಿ ರಾಶಿ ಸಿಕ್ಕಾಗ ಡಿ ಬಿಯರ್ಸ್ ಕಂಪನಿ ಪೂರೈಕೆಯನ್ನು ಬಿಗಿಹಿಡಿದು ಬೆಲೆ ಕಾಯ್ದುಕೊಂಡಿತು. ವಜ್ರ ಎಂದೆಂದಿಗೂ ಎನ್ನುವ ಮಾತೂ ಜಾಹೀರಾತಿನಿಂದ ಬಂದದ್ದೇ.

ಹಾಗೆಂದು ಯಂತ್ರದ ವಜ್ರ ಕೀಳಲ್ಲ. ಗ್ರಾನೈಟ್ ಕೊಯ್ಯುವ ಗರಗಸದ ಹಲ್ಲಿನಲ್ಲಿ ಇರುವುದು ಅದರ ಹರಳೇ. ತಾಮ್ರಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ಶಾಖ ಸಾಗಿಸುವುದರಿಂದ ಎಲೆಕ್ಟ್ರಾನಿಕ್ಸ್‌ಗೂ ಅದು ಬೇಕು. ಕಡಿಮೆ ಬೆಲೆಗೆ ಸಿಕ್ಕರೆ ಬೆರಳಿಗೂ ಚೆಂದ. ಆದರೆ ಕೊಳ್ಳುವವನಿಗೆ ಅದು ಗೊತ್ತಿರಬೇಕು.

ನಮ್ಮ ಹಿರಿಯರು ಚಿನ್ನವನ್ನು ಆಪದ್ಧನ ಎಂದರು. ಕರಗಿಸಿದರೂ ಅದು ಚಿನ್ನವೇ, ಅದರ ದರ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ವಜ್ರಕ್ಕೆ ಅಂಥ ಒಂದೇ ದರವಿಲ್ಲ. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಅಷ್ಟೇ ತೂಕದ ಎರಡು ಕಲ್ಲುಗಳ ಬೆಲೆ ಬಣ್ಣ, ಶುಭ್ರತೆ, ಕಡಿತಗಳಿಂದ ಎಷ್ಟೋ ಪಟ್ಟು ಬೇರೆಯಾಗಬಹುದು. ಗಣಿಯದ್ದಾದರೂ ಮಾರಲು ಹೋದರೆ ಕೊಟ್ಟ ಹಣ ಹಿಂದಿರುಗುವುದು ಅಪರೂಪ. ಸಾಲ ಮಾಡಿ ಕೊಳ್ಳುವ ಮುನ್ನ ಇದನ್ನು ಯೋಚಿಸಬೇಕು.

ಕೊಳ್ಳಲೇಬೇಕೆಂದರೆ ಕಲ್ಲು ಗಣಿಯದೋ ಪ್ರಯೋಗಾಲಯದ್ದೋ ಎಂದು ಬಿಲ್ಲಿನಲ್ಲೇ ಬರೆಸಿ. ಸ್ವತಂತ್ರ ಸಂಸ್ಥೆಯ ಪ್ರಮಾಣಪತ್ರ ಕೇಳಿ. ಮರಳಿ ಕೊಳ್ಳುವ ಷರತ್ತನ್ನು ಬಾಯಿಮಾತಿಗೆ ಬಿಡಬೇಡಿ. 2021ರಿಂದ ಚಿನ್ನದ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಯಿತು. ವಜ್ರದ ಮೂಲವನ್ನೂ ಪ್ರತಿ ಬಿಲ್ಲಿನಲ್ಲಿ ಕಾಣಿಸುವಂತೆ ಸರ್ಕಾರ ನೋಡಿಕೊಳ್ಳಬೇಕು. ಊರಿನಲ್ಲಾದರೆ ತಲೆಮಾರಿನ ಪರಿಚಯದ ಅಕ್ಕಸಾಲಿಗರಿರುತ್ತಾರೆ. ಪರಊರಿನಲ್ಲಿ ನಮಗೆ ಕಾಗದವೇ ದಿಕ್ಕು.

ಗೆಳೆಯನ ತಂದೆ ಈಗ ಹುಷಾರಾಗಿದ್ದಾರೆ. ಆ ಹೊತ್ತಿಗೆ ಒದಗಿದ್ದು ಅವನ ತಾಯಿಯ ಎರಡು ಹಳೆಯ ಬಳೆಗಳು.