ಕಣ್ಣಿನ ತೊಂದರೆಯೆಲ್ಲ ಪೊರೆಯಲ್ಲ


ನಮ್ಮ ನಂದಿಕೂರಿನ ಕಡೆ ವಯಸ್ಸಾದವರ ಕಣ್ಣು ಮಂಜಾದರೆ, ‘ಪೊರೆ ಬಂದಿರಬೇಕು, ಶಿಬಿರ ಬರಲಿ, ನೋಡುವ’ ಎನ್ನುವುದೇ ವಾಡಿಕೆ. ಪೊರೆಯಾದರೆ ಕಾಯಬಹುದು, ಕಣ್ಣಿನ ಹಿಂಬದಿಯ ಪದರವಾದ ರೆಟಿನಾದ ತೊಂದರೆ ಕಾಯುವುದಿಲ್ಲ. ಏಕಾಏಕಿ ಕಪ್ಪು ಚುಕ್ಕೆ, ಎಳೆಗಳು ತೇಲತೊಡಗಿದರೆ, ಕತ್ತಲಲ್ಲೂ ಮಿಂಚು ಹೊಡೆದರೆ, ಒಂದು ಬದಿಯಿಂದ ಪರದೆ ಎಳೆದಂತೆ ನೆರಳು ಕವಿದರೆ ಅಂದೇ ಉಡುಪಿಗೋ ಮಣಿಪಾಲಕ್ಕೋ ಕಣ್ಣಿನ ವೈದ್ಯರಲ್ಲಿಗೆ ಹೊರಡಬೇಕು. ನೋವಿಲ್ಲವೆಂದು ಸುಮ್ಮನಿರುವುದೇ ಅಪಾಯ. ರೆಟಿನಾಕ್ಕೆ ನೋವು ತಿಳಿಸುವ ನರಗಳೇ ಇಲ್ಲ. ನೇರ ಬಾಗಿಲ ಚೌಕಟ್ಟು ಸೊಟ್ಟಗೆ ಕಂಡರೂ ತಡ ಮಾಡಬಾರದು.

ಸಕ್ಕರೆ ಕಾಯಿಲೆಯವರಿಗೆ ರೆಟಿನಾ ಕೆಡುತ್ತಿದ್ದರೂ ಇಷ್ಟೂ ಸುಳಿವು ಸಿಗದಿರಬಹುದು. ಅವರು ವರ್ಷಕ್ಕೊಮ್ಮೆಯಾದರೂ ಪಾಪೆ ಹಿಗ್ಗಿಸುವ ಔಷಧಿ ಹಾಕಿಸಿಕೊಂಡು ತಪಾಸಣೆ ಮಾಡಿಸಲಿ. (ಔಷಧಿಯಿಂದ ಕಣ್ಣು ಮಂಜಾಗುವುದರಿಂದ ಅಂದು ಸ್ಕೂಟರ್ ಬೇಡ, ಜೊತೆಗೊಬ್ಬರಿರಲಿ.) ಕಾಪು ತಾಲೂಕಿನಲ್ಲಿ ಕಣ್ಣಿನ ಶಿಬಿರ ನಡೆಸುವ ಸಂಘಸಂಸ್ಥೆಗಳು ಕನ್ನಡಕ ಹಂಚುವುದರ ಜೊತೆಗೆ ಈ ತಪಾಸಣೆಯನ್ನೂ ಸೇರಿಸಿಕೊಳ್ಳಬೇಕಾಗಿ ವಿನಂತಿ.

– ಓದುಗ, ನಂದಿಕೂರು